ಕ್ಲಾರಿನೆಟ್‌ನ ನಾದ: ಕೊಳವೆ, ರೀಡ್ ಮತ್ತು ಊದುವವರ ಬಾಯಿ

ಶಾಲೆಯೊಂದರ ಬ್ಯಾಂಡ್ ತಂಡದ ಅಭ್ಯಾಸ ನೋಡಲು ಹೋಗಿದ್ದೆ. ಗಣರಾಜ್ಯೋತ್ಸವಕ್ಕೆ ಇನ್ನು ಮೂರು ವಾರವಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕ್ಲಾರಿನೆಟ್ ಹಿಡಿದು ಹೆಣಗುತ್ತಿದ್ದಳು. ಮೇಲಿನ ನಾಲ್ಕಾರು ಸ್ವರಗಳು ಹೇಗೋ ಬರುತ್ತಿದ್ದವು. ರಂಧ್ರಗಳನ್ನು ಒಂದೊಂದಾಗಿ ಮುಚ್ಚುತ್ತ ಕೆಳಗಿಳಿದಂತೆ ನಾದ ಸೊರಗುತ್ತಿತ್ತು. ಕೊನೆಗೆ ಬರಿಯ ಕಿರುಚು. “ಇವಳಿಗೆ ದಮ್ಮು ಸಾಲದು ಸಾರ್, ಡ್ರಮ್ಮಿಗೆ ಹಾಕಿಬಿಡೋಣ ಅಂತಿದ್ದೇನೆ” ಎಂದರು ಕಲಿಸುವವರು. ಹುಡುಗಿ ತಲೆ ತಗ್ಗಿಸಿದಳು. ಆ ದಿನ ಆ ವಾದ್ಯದಲ್ಲಿ ನಮಗೆ ಏನು ಸಿಕ್ಕಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆ: ಒಳ್ಳೆಯ ನಾದ ಎನ್ನುವುದು ಹುಟ್ಟಿನಿಂದ ಬರುವ ವರವೋ, ಅಥವಾ ಕಾರಣಗಳನ್ನು ಹುಡುಕಿ ಸರಿಪಡಿಸಬಹುದಾದ ಸಂಗತಿಯೋ?

ಕ್ಲಾರಿನೆಟ್, ನಮ್ಮ ಕಡೆ ಹೆಚ್ಚು ಜನ ಹೇಳುವಂತೆ ಕ್ಲಾರಿಯೋನೆಟ್, 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯ ತಯಾರಕನ ಕೈಯಲ್ಲಿ ರೂಪುಗೊಂಡಿತು. ಇಂದು ಶಾಲೆಗಳಲ್ಲಿ ಕಾಣುವ ಕೀಲಿಗಳ ಜೋಡಣೆ ಬಹುಮಟ್ಟಿಗೆ 1839ರಿಂದ 1843ರ ನಡುವೆ ಪ್ಯಾರಿಸ್ಸಿನಲ್ಲಿ ಕ್ಲೋಸೆ ಮತ್ತು ಬುಫೆ ಎಂಬಿಬ್ಬರು ಸಿದ್ಧಪಡಿಸಿದ್ದು. ಬ್ರಿಟಿಷರ ಕಾಲದ ಬ್ಯಾಂಡ್‌ಗಳ ಮೂಲಕ ನಮ್ಮಲ್ಲಿಗೆ ಬಂದ ಈ ವಾದ್ಯ ಅರಮನೆ, ಪೊಲೀಸ್ ಬ್ಯಾಂಡ್, ಮದುವೆ ದಿಬ್ಬಣ ಎಲ್ಲ ಕಡೆಯೂ ಹರಡಿತು.

ನಾದಗುಣ ಎಂದರೇನು?

ಶಬ್ದಕ್ಕೆ ಮೂರು ಲಕ್ಷಣಗಳುಂಟೆಂದು ಹೈಸ್ಕೂಲಿನಲ್ಲಿ ಓದಿದ್ದೇವೆ: ಸ್ಥಾಯಿ, ಘೋಷ ಮತ್ತು ಗುಣ. ವೀಣೆ ಮತ್ತು ಕೊಳಲು ಒಂದೇ ಷಡ್ಜವನ್ನು ಒಂದೇ ಗಟ್ಟಿಯಲ್ಲಿ ನುಡಿಸಿದರೂ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಗುಣದಿಂದ. ಯಾವುದೇ ಸ್ವರದಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯ ಹಾರ್ಮೋನಿಕ್‌ಗಳು ಬೆರೆತಿರುತ್ತವೆ. ಅವುಗಳಲ್ಲಿ ಯಾವುದು ಎಷ್ಟು ಪ್ರಬಲ ಎಂಬುದೇ ಗುಣವನ್ನು ಬಹುಪಾಲು ನಿರ್ಧರಿಸುತ್ತದೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ವಿವರಿಸಿದ. ಆದರೆ ಅಷ್ಟೇ ಅಲ್ಲ. ಸ್ವರ ಹೇಗೆ ಹುಟ್ಟುತ್ತದೆ ಎಂಬುದೂ ಮುಖ್ಯ. ಧ್ವನಿಮುದ್ರಿಸಿದ ವಾದ್ಯಗಳ ಸ್ವರದಿಂದ ಮೊದಲ ಕ್ಷಣದ ತುಣುಕನ್ನು ಕತ್ತರಿಸಿ ಕೇಳಿಸಿದರೆ ಅನುಭವಿಗಳೂ ವಾದ್ಯವನ್ನು ತಪ್ಪಾಗಿ ಗುರುತಿಸುತ್ತಾರೆ.

‘ಸುಂದರ’ ಎಂಬುದನ್ನು ಯಾವ ಮಾಪಕವೂ ಅಳೆಯದು, ನಿಜ. ಆದರೆ ನಾದ ಕೆಡುವುದಕ್ಕೆ ಇರುವ ಕಾರಣಗಳನ್ನು ಅಳೆಯಬಹುದು: ಗಾಳಿಯ ‘ಸುಸ್’ ಸದ್ದು, ಅಲುಗಾಡುವ ಸ್ಥಾಯಿ, ಬಿಗಿದ ತೆಳು ನಾದ, ಒಂದು ಸ್ವರ ತುಂಬಿಕೊಂಡು ಪಕ್ಕದ್ದು ಟೊಳ್ಳಾಗುವುದು. ಶಿಕ್ಷಕರು ಕೈಹಾಕಬಹುದಾದದ್ದು ಇಲ್ಲಿಯೇ.

ಒಂದು ತುದಿ ಮುಚ್ಚಿದ ಕೊಳವೆ

ಊದುವ ವಾದ್ಯಗಳ ನಡುವೆ ಕ್ಲಾರಿನೆಟ್ ಒಂದು ವಿಚಿತ್ರ. ಅದರ ಒಳಕೊಳವೆ ಸುಮಾರು 15 ಮಿ.ಮೀ. ವ್ಯಾಸದ, ಹೆಚ್ಚು ಕಡಿಮೆ ಒಂದೇ ಅಗಲದ ಸಿಲಿಂಡರ್. ಕೆಳತುದಿ ತೆರೆದಿದೆ. ಮೇಲ್ತುದಿಯಲ್ಲಿ ರೀಡ್ ಮತ್ತು ಮೌತ್‌ಪೀಸ್ ನಡುವಿನ ಸಂದು ಕೇವಲ ಒಂದು ಮಿ.ಮೀ. ಆಸುಪಾಸು. ಆದ್ದರಿಂದ ಗಾಳಿ ಅಲ್ಲಿಂದಲೇ ಒಳಹೋದರೂ ಶಬ್ದತರಂಗದ ಪಾಲಿಗೆ ಆ ತುದಿ ಮುಚ್ಚಿದಂತೆಯೇ. ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಮುಂದಿನದು ಗೊತ್ತು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ತರಂಗದೂರದ ಕಾಲುಭಾಗ ಕೊಳವೆಯ ಉದ್ದಕ್ಕೆ ಸಮ. ಅದರ ಸಹಜ ಆವೃತ್ತಿಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿರುತ್ತವೆ.

ಲೆಕ್ಕ ಮಾಡಿ ನೋಡೋಣ. ಬಿ ಫ್ಲ್ಯಾಟ್ ಕ್ಲಾರಿನೆಟ್‌ನ ಅತಿ ಕೆಳಗಿನ ಸ್ವರ ಸುಮಾರು 147 ಹರ್ಟ್ಸ್. ಕೊಳವೆಯೊಳಗಿನ ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 345 ಮೀಟರ್ ಎಂದಿಟ್ಟುಕೊಂಡರೆ ತರಂಗದೂರ 2.35 ಮೀಟರ್, ಕಾಲುಭಾಗ 59 ಸೆಂ.ಮೀ. ವಾದ್ಯದ ಉದ್ದ ಸುಮಾರು 66 ಸೆಂ.ಮೀ. ಅಗಲವಾಗುತ್ತ ಹೋಗುವ ಕೆಳಗಿನ ಬೆಲ್ ಪೂರ್ತಿಯಾಗಿ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಉತ್ತರ ಚೆನ್ನಾಗಿಯೇ ಹೊಂದುತ್ತದೆ. ಹೆಚ್ಚು ಕಡಿಮೆ ಇಷ್ಟೇ ಉದ್ದದ ಪಾಶ್ಚಾತ್ಯ ಕೊಳಲಿನ ಅತಿ ಕೆಳಗಿನ ಸ್ವರ 262 ಹರ್ಟ್ಸ್. ಕೊಳಲು ಎರಡೂ ತುದಿ ತೆರೆದ ಕೊಳವೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ.

ಕೊಳಲಿನಲ್ಲಾಗಲಿ, ಶಂಕುವಿನಾಕಾರದ ನಾಗಸ್ವರ, ಶಹನಾಯಿಗಳಲ್ಲಾಗಲಿ ಮೇಲಿನ ಸ್ತರಕ್ಕೆ ಹಾರಿದರೆ ಷಡ್ಜದಿಂದ ತಾರ ಷಡ್ಜಕ್ಕೆ ಹೋಗುತ್ತೇವೆ. ಕ್ಲಾರಿನೆಟ್‌ನಲ್ಲಿ ಎರಡು ಪಟ್ಟಿನ ಸ್ಥಾನವೇ ಇಲ್ಲ. ಎಡಗೈ ಹೆಬ್ಬೆರಳಿನ ಕೀಲಿ ಒತ್ತಿದರೆ ಸ್ವರ ನೇರವಾಗಿ ಮೂರು ಪಟ್ಟಿಗೆ, ಅಂದರೆ ಷಡ್ಜದಿಂದ ತಾರ ಸ್ಥಾಯಿಯ ಪಂಚಮಕ್ಕೆ ಜಿಗಿಯುತ್ತದೆ. ಕೊಳಲು ಬಲ್ಲವರು ಕ್ಲಾರಿನೆಟ್ ಹಿಡಿದಾಗ ಮೊದಲ ವಾರ ತಬ್ಬಿಬ್ಬಾಗುವುದು ಇದರಿಂದಲೇ. ಕೆಳಗಿನ ಸ್ವರಗಳಲ್ಲಿ ಎರಡನೆಯ, ನಾಲ್ಕನೆಯ ಹಾರ್ಮೋನಿಕ್‌ಗಳು ಬಹಳ ದುರ್ಬಲ. ಈ ವಾದ್ಯದ ತಳದ ನಾದಕ್ಕೆ ಮರದ ಪೊಟರೆಯಿಂದ ಬಂದಂಥ ಒಂದು ಗಾಂಭೀರ್ಯ ಬರುವುದು ಆ ಕೊರತೆಯಿಂದ. ಆದರೆ ಪುಸ್ತಕಗಳಲ್ಲಿ ಬರೆದಂತೆ ‘ಕ್ಲಾರಿನೆಟ್‌ನಲ್ಲಿ ಬೆಸ ಹಾರ್ಮೋನಿಕ್ ಮಾತ್ರ’ ಎಂದು ವಿದ್ಯಾರ್ಥಿಗಳಿಗೆ ಹೇಳಿಬಿಡುವುದು ಸರಿಯಲ್ಲ. ಸುಮಾರು 1500 ಹರ್ಟ್ಸ್ ದಾಟಿದ ತರಂಗಗಳು ತೆರೆದ ರಂಧ್ರಗಳ ಸಾಲನ್ನು ನುಸುಳಿ ಮುಂದೆ ಹೋಗುತ್ತವೆ, ಅಚ್ಚುಕಟ್ಟಾಗಿ ಹಿಂದಿರುಗುವುದಿಲ್ಲ. ಆ ಎತ್ತರದಲ್ಲಿ ಸಮ, ಬೆಸ ಎಂಬ ಭೇದ ಅಳಿಸಿಹೋಗುತ್ತದೆ. ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನಾಡ್ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಅವರು ಸ್ವತಃ ಕ್ಲಾರಿನೆಟ್ ಊದುತ್ತಿದ್ದರು.

ತನ್ನನ್ನು ತಾನೇ ಮುಚ್ಚಿಕೊಳ್ಳುವ ನಲ್ಲಿ

ಕೊಳವೆ ಸ್ವರವನ್ನು ಆರಿಸುತ್ತದೆ. ಶಕ್ತಿ ಒದಗಿಸುವುದು ರೀಡ್. ನಾದ ಸುಧಾರಿಸಲು ಬಯಸುವವರು ತಿಳಿಯಬೇಕಾದ ಮುಖ್ಯ ಸಂಗತಿ ಇಲ್ಲಿದೆ.

ಮನೆಯ ನಲ್ಲಿಯಲ್ಲಿ ಒತ್ತಡ ಹೆಚ್ಚಿದರೆ ನೀರು ಹೆಚ್ಚು ಬರುತ್ತದೆ. ರೀಡ್ ಹಾಗಲ್ಲ. ಬಾಯೊಳಗಿನ ಒತ್ತಡ ಗಾಳಿಯನ್ನು ಒಳತಳ್ಳುವುದರ ಜೊತೆಗೆ ರೀಡನ್ನೂ ಮೌತ್‌ಪೀಸ್ ಕಡೆಗೆ ಒತ್ತಿ ಸಂದನ್ನು ಕಿರಿದು ಮಾಡುತ್ತದೆ. ಒಂದು ಹಂತದಲ್ಲಿ ಸಂದು ಪೂರ್ತಿ ಮುಚ್ಚಿಹೋಗುತ್ತದೆ. ಇದನ್ನು ಮುಚ್ಚುವ ಒತ್ತಡ ಎನ್ನೋಣ. ಸೊನ್ನೆಯಿಂದ ಮುಚ್ಚುವ ಒತ್ತಡದ ಮೂರನೆಯ ಒಂದು ಭಾಗದವರೆಗೆ ಗಾಳಿಯ ಹರಿವು ಏರುತ್ತದೆ. ಅಲ್ಲಿಂದಾಚೆ ಒತ್ತಡ ಹೆಚ್ಚಿಸಿದಷ್ಟೂ ಹರಿವು ಕಡಿಮೆಯಾಗುತ್ತದೆ! ಈ ವಿಚಿತ್ರ ವಲಯದಲ್ಲಿಯೇ ನಾದ ಹುಟ್ಟುವುದು. ಮೌತ್‌ಪೀಸ್ ಒಳಗೆ ಒತ್ತಡ ಕೊಂಚ ಏರಿತೆನ್ನಿ. ಹೊರಗಿನ ಮತ್ತು ಒಳಗಿನ ಒತ್ತಡಗಳ ವ್ಯತ್ಯಾಸ ತಗ್ಗಿ ರೀಡ್ ತೆರೆದುಕೊಳ್ಳುತ್ತದೆ. ಹೆಚ್ಚು ಗಾಳಿ ನುಗ್ಗಿ ಆ ಏರಿಕೆಯನ್ನು ಮತ್ತಷ್ಟು ಏರಿಸುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಪ್ರತಿ ಸುತ್ತಿಗೂ ತರಂಗಕ್ಕೆ ಶಕ್ತಿ ಸೇರುತ್ತದೆ.

ಉದಾಹರಣೆಗೆ ಮುಚ್ಚುವ ಒತ್ತಡ 6 ಕಿಲೋಪಾಸ್ಕಲ್ ಇದ್ದರೆ, ಸುಮಾರು 2 ಕಿಲೋಪಾಸ್ಕಲ್‌ನಲ್ಲಿ ನಾದ ಆರಂಭವಾಗಬೇಕು. ಕೊಳವೆಯ ಗೋಡೆಯಲ್ಲಿ ಶಕ್ತಿ ನಷ್ಟವಾಗುವುದರಿಂದ ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬೇಕು. ಅದಕ್ಕಿಂತ ಕಡಿಮೆ ಊದಿದರೆ ಬರುವುದು ಬರಿಯ ‘ಸುಸ್’. ಮುಚ್ಚುವ ಒತ್ತಡದ ಅರ್ಧ ದಾಟಿದಾಗ, ಅಂದರೆ 3 ಕಿಲೋಪಾಸ್ಕಲ್‌ನ ಸುಮಾರಿಗೆ, ರೀಡ್ ಪ್ರತಿ ಕಂಪನದಲ್ಲೂ ಸಂದನ್ನು ಪೂರ್ತಿ ಮುಚ್ಚಿ ತೆರೆಯತೊಡಗುತ್ತದೆ. ಆಗ ತರಂಗದ ಆಕಾರ ಚೌಕ ತರಂಗಕ್ಕೆ ಹತ್ತಿರವಾಗಿ ಮೇಲಿನ ಹಾರ್ಮೋನಿಕ್‌ಗಳು ತುಂಬಿಕೊಳ್ಳುತ್ತವೆ. ಮೆಲ್ಲನೆ ನುಡಿಸಿದಾಗ ನಾದ ಮೃದು, ಗಟ್ಟಿಯಾಗಿ ನುಡಿಸಿದಾಗ ಹೊಳಪು ಎಂಬುದರ ಗುಟ್ಟು ಇದು.

ಈಗ ಹೊಸ ವಿದ್ಯಾರ್ಥಿ ಮಾಡುವ ಸಾಮಾನ್ಯ ತಪ್ಪನ್ನು ನೋಡಿ. ಸ್ವರ ಬರುತ್ತಿಲ್ಲವೆಂದು ಆತ ಕೆಳದವಡೆಯಿಂದ ರೀಡನ್ನು ಕಚ್ಚುತ್ತಾನೆ. ಸಂದು ಕಿರಿದಾಗುತ್ತದೆ, ಮುಚ್ಚುವ ಒತ್ತಡ ಇಳಿಯುತ್ತದೆ, ರೀಡ್‌ಗೆ ಆಡಲು ಜಾಗವಿಲ್ಲ. ನಾದ ತೆಳ್ಳಗಾಗಿ ಸ್ಥಾಯಿ ಏರುತ್ತದೆ. ಕೆಳತುಟಿಯ ಒಳಭಾಗದಲ್ಲಿ ಹಲ್ಲಿನ ಗಾಯ ಬೇರೆ. ಇಂಥ ಮಕ್ಕಳಿಗೆ ‘ಜೋರಾಗಿ ಊದು’ ಎಂದರೆ ರೀಡ್ ಇನ್ನೂ ಬೇಗ ಮುಚ್ಚಿಕೊಳ್ಳುತ್ತದೆ. ಹೇಳಬೇಕಾದ್ದು ‘ಕಚ್ಚಬೇಡ’ ಎಂದು. ಮೇಲಿನ ಹಲ್ಲುಗಳು ಮೌತ್‌ಪೀಸ್ ಮೇಲೆ, ಕೆಳತುಟಿ ಕೆಳಹಲ್ಲಿನ ಮೇಲೆ ತೆಳುವಾದ ಮೆತ್ತೆಯಂತೆ, ಗಲ್ಲ ಚಪ್ಪಟೆಯಾಗಿ. ಬಿಗಿತ ಬರಬೇಕಾದ್ದು ದವಡೆಯಿಂದಲ್ಲ, ಎಲೆಯಡಿಕೆ ಸಂಚಿಯ ದಾರ ಎಳೆದಂತೆ ಬಾಯಿಯ ಸುತ್ತಲಿನ ಸ್ನಾಯುವಿನಿಂದ. ಹಾಗೆಂದು ತುಟಿಯನ್ನು ಪೂರ್ತಿ ಸಡಿಲ ಬಿಡುವಂತೆಯೂ ಇಲ್ಲ. ರೀಡ್‌ಗೆ ತನ್ನದೇ ಆದ ಸಾವಿರಾರು ಹರ್ಟ್ಸ್‌ನ ಸಹಜ ಆವೃತ್ತಿಯಿದೆ. ಮೆತ್ತನೆಯ ತುಟಿ ಅದನ್ನು ತಣಿಸದಿದ್ದರೆ ಕೊಳವೆಯನ್ನು ಲೆಕ್ಕಿಸದೆ ರೀಡ್ ತನ್ನ ಸ್ವಂತ ಸ್ವರವನ್ನು ಕಿರುಚುತ್ತದೆ.

ಮೌತ್‌ಪೀಸನ್ನು ಬಾಯೊಳಗೆ ಎಷ್ಟು ಇಡಬೇಕು? ತೆಳು ಕಾಗದದ ಒಂದು ಚೂರನ್ನು ರೀಡ್ ಮತ್ತು ಮೌತ್‌ಪೀಸ್ ನಡುವೆ ಮೆಲ್ಲಗೆ ಜಾರಿಸಿ. ಕಾಗದ ನಿಂತ ಜಾಗವೇ ರೀಡ್ ಮೌತ್‌ಪೀಸನ್ನು ಬಿಟ್ಟು ಬಾಗಲು ಶುರುಮಾಡುವ ಜಾಗ. ಕೆಳತುಟಿ ಅದರ ಆಸುಪಾಸಿನಲ್ಲಿರಲಿ. ತುದಿಯಲ್ಲಷ್ಟೇ ಹಿಡಿದರೆ ನಾದ ಕಟ್ಟಿಹಾಕಿದಂತಿರುತ್ತದೆ, ತೀರಾ ಒಳಗೆ ತೆಗೆದುಕೊಂಡರೆ ಕಿರುಚು. ಮೌತ್‌ಪೀಸ್ ಮತ್ತು ಬ್ಯಾರೆಲ್ ಇವೆರಡನ್ನೇ ಜೋಡಿಸಿ ಊದಿಸಿ ನೋಡುವ ಪದ್ಧತಿಯೂ ಇದೆ. 740 ಹರ್ಟ್ಸ್ ಆಸುಪಾಸಿನ ಒಂದು ಸ್ವರ ಅಲುಗಾಡದೆ ಬಂದರೆ ಬಾಯಿಯ ಹಿಡಿತ ಸರಿಯಾಗಿದೆ ಎಂದು ಕಲಿಸುವವರು ತಿಳಿಯುತ್ತಾರೆ.

ಬಾಯೊಳಗಿನ ಒತ್ತಡವನ್ನು ಅಳೆಯೋಣ

ಇದನ್ನು ತರಗತಿಯಲ್ಲಿಯೇ ಮಾಡಬಹುದು. ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಒಂದು ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಕಟ್ಟಿ. ಒಂದೊಂದು ಭುಜ 60 ಸೆಂ.ಮೀ. ಇರಲಿ. ಅರ್ಧದಷ್ಟು ಬಣ್ಣದ ನೀರು ತುಂಬಿ. ಒಂದು ತುದಿಗೆ ತೆಳುವಾದ, ಶುಚಿಯಾದ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ವಿದ್ಯಾರ್ಥಿ ತುಟಿಯ ಮೂಲೆಯಲ್ಲಿ ಇಟ್ಟುಕೊಂಡು ಕ್ಲಾರಿನೆಟ್ ಊದಲಿ. ಪ್ರತಿಯೊಬ್ಬರಿಗೂ ಬೇರೆ ತುಂಡು ಕೊಡಿ. ಎರಡು ಭುಜಗಳ ನೀರಿನ ಮಟ್ಟದ ವ್ಯತ್ಯಾಸ 10 ಸೆಂ.ಮೀ. ಇದ್ದರೆ ಒತ್ತಡ ಹತ್ತಿರ ಹತ್ತಿರ 1 ಕಿಲೋಪಾಸ್ಕಲ್. ಸಾಮಾನ್ಯವಾಗಿ 20ರಿಂದ 50 ಸೆಂ.ಮೀ. ನಡುವೆ ಎಲ್ಲೋ ನಿಲ್ಲುತ್ತದೆ.

ಗಮನಿಸಬೇಕಾದ್ದು ಸಂಖ್ಯೆಗಿಂತ ಅದರ ಸ್ಥಿರತೆ. ಹತ್ತು ಸೆಕೆಂಡ್ ಒಂದೇ ಸ್ವರ ಹಿಡಿಯಲು ಹೇಳಿ. ಹೊಸಬರಲ್ಲಿ ನೀರು ಮೊದಲು ಮೇಲೆ ಚಿಮ್ಮಿ ಬಳಿಕ ಇಳಿಯುತ್ತ ಹೋಗುತ್ತದೆ. ಅದಕ್ಕೆ ಕಾರಣ ಶ್ವಾಸಕೋಶದ ಸ್ಥಿತಿಸ್ಥಾಪಕತೆ. ತುಂಬಿದ ಬಲೂನಿನಂತೆ ತುಂಬಿದ ಶ್ವಾಸಕೋಶ ತಾನಾಗಿ ಗಾಳಿಯನ್ನು ಹೊರದೂಡುತ್ತದೆ. ಖಾಲಿಯಾಗುತ್ತ ಬಂದಂತೆ ಹೊಟ್ಟೆಯ ಮತ್ತು ಪಕ್ಕೆಲುಬಿನ ಸ್ನಾಯುಗಳು ಆ ಕೆಲಸ ವಹಿಸಿಕೊಳ್ಳಬೇಕು. ‘ವಪೆಯಿಂದ ಊದು’ ಎಂದು ಎಲ್ಲ ಕಡೆ ಹೇಳುತ್ತಾರೆ. ಜೀವವಿಜ್ಞಾನದ ಶಿಕ್ಷಕರಿಗೆ ಇದು ಕಿರಿಕಿರಿ ತರಬೇಕು, ಏಕೆಂದರೆ ವಪೆ ಉಸಿರು ಎಳೆದುಕೊಳ್ಳುವ ಸ್ನಾಯು. ಹೊರದೂಡುವುದು ಹೊಟ್ಟೆಯ ಗೋಡೆ. ನೀರಿನ ಮಟ್ಟವನ್ನು ಕಣ್ಣಿಂದ ನೋಡುತ್ತ ಊದಿದ ವಿದ್ಯಾರ್ಥಿ ಈ ಮಾತುಗಳ ಗೊಡವೆಯಿಲ್ಲದೆ ಒಂದೆರಡು ದಿನಗಳಲ್ಲಿ ಅದನ್ನು ಸ್ಥಿರವಾಗಿಡಲು ಕಲಿಯುವುದನ್ನು ನಾನು ಕಂಡಿದ್ದೇನೆ.

ನಾಲಗೆ ಮತ್ತು ಗಂಟಲು

ರೀಡಿನ ಈಚೆಗೂ ಒಂದು ಕೊಳವೆಯಿದೆ: ನಮ್ಮ ಬಾಯಿ, ಗಂಟಲು. ಅದೂ ಅನುರಣಿಸುತ್ತದೆ. ಅದು ನಾದವನ್ನು ಬದಲಿಸುತ್ತದೆಯೇ ಎಂಬ ಬಗ್ಗೆ ಬಹಳ ಕಾಲ ವಾದಗಳಿದ್ದವು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನುಡಿಸುತ್ತಿರುವವರ ಬಾಯೊಳಗಿನ ಅನುರಣನೆಯನ್ನೇ ಅಳೆದು ನೋಡಿದ ಮೇಲೆ ಚಿತ್ರ ಸ್ಪಷ್ಟವಾಯಿತು. ಕೆಳಗಿನ ಸ್ವರಗಳಲ್ಲಿ ಕೊಳವೆಯ ಅನುರಣನೆ ಬಹಳ ಬಲಶಾಲಿ, ಗಂಟಲಿನ ಪ್ರಭಾವ ಅಲ್ಪ. ಮೇಲಿನ ಸ್ವರಗಳಲ್ಲಿ ಕೊಳವೆ ದುರ್ಬಲವಾಗಿ ಗಂಟಲು ಮೇಲುಗೈ ಪಡೆಯುತ್ತದೆ. ಗರ್ಶ್ವಿನ್‌ನ 1924ರ ‘ರ್‍ಯಾಪ್ಸಡಿ ಇನ್ ಬ್ಲೂ’ ಕೃತಿಯ ಆರಂಭದಲ್ಲಿ ಕ್ಲಾರಿನೆಟ್ ಜಾರುತ್ತ ಏರುವುದು ಹೀಗೆ ಗಂಟಲನ್ನು ಹೊಂದಿಸಿಕೊಂಡೇ.

ಇದನ್ನು ಕಲಿಸುವುದು ಕಷ್ಟ, ಕಣ್ಣಿಗೆ ಕಾಣದ ಜಾಗ. ನಮ್ಮ ಸ್ವರಾಕ್ಷರಗಳು ನೆರವಿಗೆ ಬರುತ್ತವೆ. ‘ಆ’ ಎಂದಾಗ ನಾಲಗೆ ಕೆಳಗೆ, ‘ಈ’ ಎಂದಾಗ ಅದರ ನಡುಭಾಗ ಅಂಗುಳಿನ ಹತ್ತಿರ. ಮೇಲಿನ ಸ್ವರಗಳಿಗೆ ‘ಈ’ಯ ನಾಲಗೆ ಒಳ್ಳೆಯದು. ಸ್ವರವನ್ನು ಆರಂಭಿಸುವುದು ರೀಡ್ ತುದಿಯನ್ನು ಮುಟ್ಟಿದ ನಾಲಗೆಯನ್ನು ಹಿಂದೆಗೆಯುವುದರಿಂದ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ‘ಟೀ’ ಎನ್ನುತ್ತವೆ. ಕನ್ನಡದ ‘ಟೀ’ ಎಂದರೆ ನಾಲಗೆ ಮಡಿಚಿಕೊಂಡು ಹಿಂದೆ ಹೋಗುತ್ತದೆ, ಆರಂಭ ದಪ್ಪವಾಗುತ್ತದೆ. ನಮ್ಮ ಮಕ್ಕಳಿಗೆ ‘ದೀ’ ಎಂದು ಹೇಳಿಕೊಡುವುದು ಮೇಲು. ನಾಲಗೆ ರೀಡ್ ಮೇಲಿರುವಾಗಲೇ ಗಾಳಿಯ ಒತ್ತಡ ಸಿದ್ಧವಾಗಿರಬೇಕು; ನಾಲಗೆ ಅಣೆಕಟ್ಟಿನ ತೂಬು ಇದ್ದಂತೆ, ನೀರಲ್ಲ.

ರೀಡಿನ ಆರೈಕೆ

ರೀಡ್ ತಯಾರಾಗುವುದು ಅರುಂಡೊ ಡೋನಾಕ್ಸ್ ಎಂಬ ಬಿದಿರಿನಂಥ ದೊಡ್ಡ ಹುಲ್ಲಿನಿಂದ. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ್ದು ಹೆಸರುವಾಸಿ. ತುದಿಯ ದಪ್ಪ ಸುಮಾರು 0.1 ಮಿ.ಮೀ. ಅಷ್ಟು ತೆಳುವಾದದ್ದು ಒಣಗುತ್ತ ನೆನೆಯುತ್ತ ಸೊಟ್ಟಗಾಗುವುದರಲ್ಲಿ ಆಶ್ಚರ್ಯವಿಲ್ಲ. ಊದಿದ ಬಳಿಕ ಒರೆಸಿ ಚಪ್ಪಟೆ ಗಾಜಿನ ಮೇಲೆ ಒಣಗಿಸಬೇಕು. ಮೌತ್‌ಪೀಸಿನಲ್ಲೇ ಬಿಟ್ಟು ಪೆಟ್ಟಿಗೆ ಮುಚ್ಚಬಾರದು. ಮೂರು ನಾಲ್ಕು ರೀಡುಗಳಿಗೆ ಅಂಕಿ ಬರೆದು ದಿನಕ್ಕೊಂದರಂತೆ ಬಳಸಿದರೆ ಒಟ್ಟು ಬಾಳಿಕೆ ಹೆಚ್ಚು. ಗಡಸು ರೀಡ್ ಹಾಕಿದರೆ ನಾದ ದಪ್ಪವಾಗುತ್ತದೆಂಬ ನಂಬಿಕೆಯಿಂದ ಚಿಕ್ಕ ಮಕ್ಕಳಿಗೆ ಮೂರೂವರೆ ನಂಬರಿನದನ್ನು ಕೊಡುವುದುಂಟು. ಅದು ಮಗುವಿಗೆ ಕಚ್ಚುವುದನ್ನು ಕಲಿಸುತ್ತದೆ, ಅಷ್ಟೇ. ಎರಡು ಅಥವಾ ಎರಡೂವರೆ ಸಾಕು.

ಆ ಹುಡುಗಿಯ ವಾದ್ಯ

ಆಕೆಯ ಬಾಯಿಯ ಹಿಡಿತ ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು. ವಾದ್ಯವನ್ನು ಬಿಚ್ಚಿ ಮೇಲಿನ ಭಾಗದ ರಂಧ್ರಗಳನ್ನೆಲ್ಲ ಮುಚ್ಚಿ, ಕೆಳತುದಿಗೆ ಅಂಗೈ ಒತ್ತಿ ಮೇಲಿನಿಂದ ಗಾಳಿ ಹೀರಿದೆ. ಸರಿಯಿದ್ದರೆ ಆ ನಿರ್ವಾತ ಕೆಲವು ಸೆಕೆಂಡ್ ನಿಲ್ಲಬೇಕು. ಇಲ್ಲಿ ಅರೆಕ್ಷಣವೂ ನಿಲ್ಲಲಿಲ್ಲ. ಸಿಗರೇಟ್ ಕಾಗದದ ಸೀಳನ್ನು ಒಂದೊಂದು ಪ್ಯಾಡಿನ ಕೆಳಗಿಟ್ಟು ಕೀಲಿ ಮುಚ್ಚಿ ಎಳೆದು ನೋಡಿದೆವು. ಮೇಲಿನ ಒಂದು ಚಿಕ್ಕ ಪ್ಯಾಡ್ ಹಿಡಿಯುತ್ತಲೇ ಇರಲಿಲ್ಲ. ಅದರ ಅಂಚನ್ನು ಹುಳು ತಿಂದಿತ್ತು.

ಕೊಳವೆಯ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಏನು ಮಾಡುತ್ತದೆಂಬುದನ್ನು ಆಗಲೇ ನೋಡಿದ್ದೇವೆ. ಹೆಬ್ಬೆರಳಿನ ಕೀಲಿ ಉದ್ದೇಶಪೂರ್ವಕವಾಗಿ ಮಾಡುವುದೂ ಅದನ್ನೇ: ಮೂಲ ಸ್ವರವನ್ನು ಕೆಡಿಸಿ ಮೂರು ಪಟ್ಟಿನದಕ್ಕೆ ದಾರಿ ಬಿಡುವುದು. ಸೋರುವ ಪ್ಯಾಡ್ ಆಕೆ ಕೇಳದೆಯೇ ಆ ಕೀಲಿಯನ್ನು ಅರೆಬರೆ ಒತ್ತಿದಂತೆ ಕೆಲಸ ಮಾಡುತ್ತಿತ್ತು. ಸೋರಿಕೆಯ ಕೆಳಗಿನ ರಂಧ್ರಗಳನ್ನು ಮುಚ್ಚಿದಾಗಲೆಲ್ಲ ಸ್ವರ ಸೊರಗುವುದಕ್ಕೂ ಇದೇ ಕಾರಣ. ದಮ್ಮಿನ ಪ್ರಶ್ನೆಯೇ ಅಲ್ಲ. ಹೊಸ ಪ್ಯಾಡ್ ಅಂಟಿಸಿದ ದಿನ ಅತಿ ಕೆಳಗಿನ ಸ್ವರ ಕೋಣೆಯನ್ನು ತುಂಬಿತು. ಕಲಿಸುವವರು ಉಳಿದ ಐದು ಕ್ಲಾರಿನೆಟ್‌ಗಳನ್ನೂ ತಂದು ಮೇಜಿನ ಮೇಲಿಟ್ಟರು. ಅವುಗಳಲ್ಲಿ ಮೂರು ಸೋರುತ್ತಿದ್ದವು.

ವಾದ್ಯವೇ ಕೊಡುವ ತೊಂದರೆ ಇನ್ನೊಂದಿದೆ. ಮಧ್ಯದ ಮೂರು ನಾಲ್ಕು ಸ್ವರಗಳು ಎಷ್ಟೇ ಒಳ್ಳೆಯ ವಾದ್ಯದಲ್ಲೂ ಮಂಕು. ಆಗ ಬಹುತೇಕ ರಂಧ್ರಗಳು ತೆರೆದಿದ್ದು ಕೊಳವೆಯ ಗಿಡ್ಡ ತುಣುಕಷ್ಟೇ ಮೊಳಗುತ್ತಿರುತ್ತದೆ. ಕೊನೆಯದಕ್ಕಂತೂ ಹೆಬ್ಬೆರಳಿನ ಕೀಲಿಯ ಕಿರಿದಾದ ತೂತನ್ನೇ ಸ್ವರರಂಧ್ರವಾಗಿ ಬಳಸಬೇಕು. ಬಲಗೈಯ ಒಂದೆರಡು ಬೆರಳುಗಳನ್ನು ಕೆಳಗಿನ ರಂಧ್ರಗಳ ಮೇಲಿಟ್ಟರೆ ನಾದ ಸ್ವಲ್ಪ ತುಂಬಿಕೊಳ್ಳುತ್ತದೆ. ಯಾವ ಬೆರಳು ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆ, ಕಿವಿಯೇ ಹೇಳಬೇಕು.

ಮರದ ಮಾತು

ಬೆಲೆಬಾಳುವ ಕ್ಲಾರಿನೆಟ್‌ಗಳು ಪೂರ್ವ ಆಫ್ರಿಕಾದ ಡಾಲ್ಬರ್ಜಿಯಾ ಮೆಲನಾಕ್ಸಿಲಾನ್ ಎಂಬ ಕರಿಮರದವು. ನಮ್ಮ ಬೀಟೆಯೂ ಅದೇ ಕುಲದ್ದು. ಮರದಿಂದಲೇ ನಾದ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ 1964ರಲ್ಲಿ ಜಾನ್ ಬ್ಯಾಕಸ್ ಎಂಬ ಅಮೆರಿಕದ ಭೌತವಿಜ್ಞಾನಿ ಪ್ರಯೋಗಗಳಿಂದ ತೋರಿಸಿದಂತೆ, ಕೊಳವೆಯ ಗೋಡೆಯ ಕಂಪನ ಹೊರಬರುವ ಸ್ಥಿರ ನಾದದಲ್ಲಿ ಗಣನೆಗೆ ಸಿಗದಷ್ಟು ಅಲ್ಪ. ವೀಣೆಯಲ್ಲಿ ಮರ ನುಡಿಯುತ್ತದೆ, ಕ್ಲಾರಿನೆಟ್‌ನಲ್ಲಿ ನುಡಿಯುವುದು ಒಳಗಿನ ಗಾಳಿ. ಒಳಮೈ ನಯವಾಗಿರುವುದು, ರಂಧ್ರಗಳ ಅಂಚು ಸರಿಯಾಗಿರುವುದು ಮುಖ್ಯ. ಪ್ಲಾಸ್ಟಿಕ್ ವಾದ್ಯವಿರುವ ಶಾಲೆ ಕೀಳರಿಮೆ ಪಡಬೇಕಾಗಿಲ್ಲ. ಹಣವಿದ್ದರೆ ಒಂದು ಒಳ್ಳೆಯ ಮೌತ್‌ಪೀಸ್ ಕೊಳ್ಳುವುದು ಜಾಣತನ.

ಯಾವ ನಾದ ಸುಂದರ?

ಇದಕ್ಕೆ ಒಂದೇ ಉತ್ತರವಿಲ್ಲ. ಯುರೋಪಿನ ವಾದ್ಯವೃಂದದಲ್ಲಿ ಅಲುಗದೆ ನಿಂತ ದುಂಡನೆಯ ಸ್ವರ ಆದರ್ಶ. ಕರ್ನಾಟಕ ಸಂಗೀತದಲ್ಲಿ ಎ.ಕೆ.ಸಿ. ನಟರಾಜನ್, ಹಿಂದೂಸ್ತಾನಿಯಲ್ಲಿ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಅವರಂಥವರು ಇದೇ ವಾದ್ಯದಿಂದ ಗಮಕ, ಮೀಂಡ್‌ಗಳನ್ನು ಹೊರಡಿಸಿದರು. ಸ್ವರದಿಂದ ಸ್ವರಕ್ಕೆ ಜಾರಬೇಕಾದರೆ ತುಟಿಯ ಹಿಡಿತ ಬದಲಾಗುತ್ತಿರಬೇಕು, ರಂಧ್ರಗಳನ್ನು ಅರ್ಧ ತೆರೆಯಬೇಕು, ರೀಡ್ ಬಾಗುವಂತಿರಬೇಕು. ಅಲ್ಲಿ ಕಲ್ಲಿನಂತೆ ನಿಂತ ಸ್ಥಾಯಿ ಗುಣವಲ್ಲ, ದೋಷ. ಆದ್ದರಿಂದ ವಿದ್ಯಾರ್ಥಿ ಯಾವ ನಾದವನ್ನು ಅರಸುತ್ತಿದ್ದಾನೆಂದು ಮೊದಲೇ ತಿಳಿದಿರಬೇಕು. ಒಳ್ಳೆಯ ನಾದವನ್ನು ಕೇಳಿಯೇ ಇಲ್ಲದ ಮಗು ಅದನ್ನು ಹೊರಡಿಸಲಾರದು. ವಾರಕ್ಕೊಮ್ಮೆ ಕೇಳಿಸುವುದನ್ನೂ ಪಾಠದಲ್ಲಿ ಸೇರಿಸಿ.

ದಿನಕ್ಕೆ ಹತ್ತು ನಿಮಿಷ ಒಂದೊಂದೇ ಸ್ವರವನ್ನು ನೀಳವಾಗಿ ಹಿಡಿಯುವುದು ಹಳೆಯ ಅಭ್ಯಾಸ. ಮೆಲ್ಲಗೆ ಆರಂಭಿಸಿ, ತುಂಬಿ, ಮತ್ತೆ ಮೆಲ್ಲಗಾಗುವುದು. ಈಗ ಅದರ ಜೊತೆಗೆ ಮೊಬೈಲಿನಲ್ಲಿ ಶಬ್ದದ ರೋಹಿತ ತೋರಿಸುವ ಯಾವುದಾದರೂ ಉಚಿತ ತಂತ್ರಾಂಶವನ್ನು ಎದುರಿಗಿಡಬಹುದು. ಅತಿ ಕೆಳಗಿನ ಸ್ವರ ಊದಿದಾಗ 147, 441, 735 ಹರ್ಟ್ಸ್‌ಗಳಲ್ಲಿ ಎತ್ತರದ ಗೆರೆಗಳೂ 294ರಲ್ಲಿ ಗಿಡ್ಡ ಗೆರೆಯೂ ಕಾಣಬೇಕು. ಹಾಡುವವರ ದನಿಯಲ್ಲಿ ಅದೇ ಶ್ರುತಿ ಹಿಡಿಸಿ ಹೋಲಿಸಿದರೆ 294ರ ಜಾಗದಲ್ಲೂ ಎತ್ತರದ ಗೆರೆ ಏಳುತ್ತದೆ. ಗೆರೆಗಳ ನಡುವಿನ ತಳ ಒರಟಾಗಿ ಎದ್ದಿದ್ದರೆ ಅದು ಸೋರುವ ಗಾಳಿಯ ಸದ್ದು: ತುಟಿಯ ಮೂಲೆ, ರೀಡ್, ಪ್ಯಾಡ್ ಈ ಕ್ರಮದಲ್ಲಿ ಹುಡುಕಿ.